ನಾಲ್ಕೂವರೆಯ ಬಸ್ಸು

ಅಪ್ಪನಿಗೆ ಮರೆವಿನ ಕಾಯಿಲೆ ಅಂತ ಗೊತ್ತಾಗಿ ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ ಅವರು ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಬೀರುವಿನಿಂದ ಬಿಳಿ ತುಂಬುತೋಳಿನ ಅಂಗಿ ತೆಗೆದು ಹಾಕಿಕೊಂಡು, ಕೊಡೆ ಹಿಡಿದು ಜಗಲಿಗೆ ಬಂದು ನಿಂತರು.

"ಎಲ್ಲಿಗಪ್ಪಾ?" ಅಂದೆ.

"ತೀರ್ಥಹಳ್ಳಿ ಕಡೆ. ಹೆಣ್ಣು ನೋಡೋಕೆ. ನಾಲ್ಕೂವರೆ ಬಸ್ಸು ತಪ್ಪಿದ್ರೆ ಊರು ಸೇರೋ ಹೊತ್ತಿಗೆ ಕತ್ತಲಾಗುತ್ತೆ."

ಆ ಹೆಣ್ಣು ಒಳಗೆ ಅಡುಗೆಮನೆಯಲ್ಲಿ ಕಾಫಿಗೆ ಹಾಲು ಕಾಯಿಸುತ್ತಿದ್ದಳು. ಅವಳಿಗಾಗ ಎಪ್ಪತ್ತೊಂದು. ಇಬ್ಬರಿಗೂ ಮದುವೆಯಾಗಿ ಐವತ್ತೊಂದು ವರ್ಷವಾಗಿತ್ತು.

ಇದು 2020ರ ಮಾತು. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಶುರುವಾದಾಗ ನಾನು ಶಿವಮೊಗ್ಗದ ಮನೆಗೆ ಬಂದಿದ್ದೆ. ಹೆಂಡತಿ, ಮಗಳು ಬೆಂಗಳೂರಿನಲ್ಲಿ. ಹದಿನೈದು ದಿನ ಇದ್ದು ಹೋಗೋಣ ಅಂತ ಬಂದವನು ಎರಡು ವರ್ಷ ಉಳಿದೆ. ಅಂದು ತೀರ್ಥಹಳ್ಳಿಗೆ ಮಾತ್ರವಲ್ಲ, ಎಲ್ಲಿಗೂ ಯಾವ ಬಸ್ಸೂ ಓಡುತ್ತಿರಲಿಲ್ಲ. ಹಾಗಂತ ಹೇಳಿದೆ. ಅಪ್ಪ ನಂಬಲಿಲ್ಲ. ಬಸ್ಸೇ ಓಡದ ದಿನ ಅಂತ ಒಂದಿರುತ್ತದೆಂದು ನಂಬಲು ಸರಿಯಾಗಿ ನೆನಪಿರುವವರಿಗೂ ಆಗ ಕಷ್ಟವಾಗಿತ್ತು.

ಮರುದಿನ ನಾಲ್ಕಕ್ಕೆ ಮತ್ತೆ ಅದೇ. ಅದೇ ಎಣ್ಣೆ, ಅದೇ ಅಂಗಿ, ಅದೇ ಕೊಡೆ, ಅದೇ ಮಾತು. ಅದರ ಮರುದಿನವೂ. ಸಂಜೆಯಾಗುತ್ತಿದ್ದಂತೆ ಇಂಥವರಲ್ಲಿ ಕಳವಳ ಹೆಚ್ಚುತ್ತದೆ, ಅದನ್ನು 'ಸನ್‌ಡೌನಿಂಗ್' ಅನ್ನುತ್ತಾರೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಹೆಸರು ಗೊತ್ತಾಯಿತು. ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಹತ್ತನೆಯದೋ ಹನ್ನೊಂದನೆಯದೋ ದಿನ, ರಾತ್ರಿ ಅಪ್ಪ ಮಲಗಿದ ಮೇಲೆ ನನಗೆ 'ಗ್ರೌಂಡ್‌ಹಾಗ್ ಡೇ' ನೆನಪಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ, ಕೇಬಲ್ ಟೀವಿಯಲ್ಲಿ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದೆ. ಲ್ಯಾಪ್‌ಟಾಪಿನಲ್ಲಿ ಮತ್ತೆ ಹಾಕಿಕೊಂಡು ನೋಡಿದೆ. ಈ ಸಲ ನಗು ಬಂತು, ಆದರೆ ಬೇರೆ ಬೇರೆ ಜಾಗಗಳಲ್ಲಿ.

ನೋಡದವರಿಗಾಗಿ ಕಥೆ ಇಷ್ಟು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಂಕ್ಸಟಾನಿ ಅಂತ ಒಂದು ಸಣ್ಣ ಊರು. ಪ್ರತಿ ಫೆಬ್ರವರಿ 2ರಂದು ಅಲ್ಲೊಂದು ಹಬ್ಬ. ಗ್ರೌಂಡ್‌ಹಾಗ್ ಅಂದರೆ ಅಳಿಲಿನ ವಂಶದ, ಬಿಲದಲ್ಲಿ ಬದುಕುವ ಒಂದು ದಪ್ಪನೆಯ ಪ್ರಾಣಿ. ಅಂದು ಅದನ್ನು ಹೊರಗೆ ತರುತ್ತಾರೆ. ಅದಕ್ಕೆ ತನ್ನ ನೆರಳು ಕಂಡರೆ ಚಳಿಗಾಲ ಇನ್ನೂ ಆರು ವಾರ ಇರುತ್ತದೆ, ಕಾಣದಿದ್ದರೆ ವಸಂತ ಬೇಗ ಬರುತ್ತದೆ ಅಂತ ನಂಬಿಕೆ. ಫಿಲ್ ಎಂಬ ಟೀವಿ ಹವಾಮಾನ ವರದಿಗಾರ ಪಿಟ್ಸ್‌ಬರ್ಗಿನಿಂದ ಅದನ್ನು ವರದಿ ಮಾಡಲು ಬರುತ್ತಾನೆ. ಮಹಾ ಅಹಂಕಾರಿ, ಎಲ್ಲರನ್ನೂ ಕಂಡರೆ ಅಸಡ್ಡೆ. ಜೊತೆಗೆ ರೀಟಾ ಎಂಬ ನಿರ್ಮಾಪಕಿ, ಒಬ್ಬ ಕ್ಯಾಮೆರಾಮನ್. ಹಿಮಪಾತಕ್ಕೆ ರಸ್ತೆ ಮುಚ್ಚಿ ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ. ಬೆಳಿಗ್ಗೆ ಆರಕ್ಕೆ ಗಡಿಯಾರದ ರೇಡಿಯೋ ಹಾಡುತ್ತದೆ. ಎದ್ದರೆ, ಮತ್ತೆ ಫೆಬ್ರವರಿ 2! ಮತ್ತೆ ಅದೇ ಹಾಡು, ಬೀದಿಯಲ್ಲಿ ಅದೇ ಇನ್ಶೂರೆನ್ಸ್ ಏಜೆಂಟು, ಫುಟ್‌ಪಾತಿನಿಂದ ಕಾಲಿಟ್ಟರೆ ಅದೇ ನೀರಿನ ಗುಂಡಿ. ಮರುದಿನವೂ ಅಷ್ಟೇ. ಅವನೊಬ್ಬನಿಗೆ ಎಲ್ಲ ನೆನಪಿರುತ್ತದೆ. ಉಳಿದವರಿಗೆಲ್ಲ ಅದು ಹೊಸ ದಿನ.

1993ರ ಚಿತ್ರ. ಕಥೆ ಡ್ಯಾನಿ ರೂಬಿನ್‌ನದು, ನಿರ್ದೇಶನ ಹೆರಾಲ್ಡ್ ರಾಮಿಸ್‌ನದು. ಫಿಲ್ ಆಗಿ ಬಿಲ್ ಮರ್ರೆ, ರೀಟಾ ಆಗಿ ಆಂಡಿ ಮ್ಯಾಕ್‌ಡವೆಲ್. ಚಿತ್ರೀಕರಣ ನಡೆದದ್ದು ಪಂಕ್ಸಟಾನಿಯಲ್ಲಲ್ಲ, ಇಲಿನಾಯ್ ರಾಜ್ಯದ ವುಡ್‌ಸ್ಟಾಕ್ ಎಂಬ ಊರಿನಲ್ಲಿ. ಮರ್ರೆ ಕಾಲಿಟ್ಟ ಆ ನೀರಿನ ಗುಂಡಿಯ ಜಾಗದಲ್ಲಿ ಈಗ ಒಂದು ಫಲಕವೇ ಇದೆಯಂತೆ.

ಹೀಗೇಕಾಯಿತು ಅಂತ ಸಿನಿಮಾ ಎಲ್ಲೂ ಹೇಳುವುದಿಲ್ಲ. ಚಿತ್ರಕಥೆಯ ಒಂದು ಹಂತದಲ್ಲಿ ಫಿಲ್‌ನ ಹಳೆಯ ಪ್ರೇಯಸಿಯೊಬ್ಬಳು ಶಾಪ ಹಾಕುವ ದೃಶ್ಯ ಇತ್ತಂತೆ. ಆಮೇಲೆ ಅದನ್ನು ಕೈಬಿಟ್ಟರು. ಒಳ್ಳೆಯದಾಯಿತು. ಶಾಪ ಇದ್ದರೆ ವಿಮೋಚನೆ ಎಲ್ಲಿದೆ ಅಂತ ಹುಡುಕುತ್ತಾ ಕೂರುತ್ತಿದ್ದೆವು. ಕಾರಣ ಇಲ್ಲದ್ದರಿಂದ, ಈ ದಿನದೊಳಗೆ ಇವನು ಹೇಗೆ ಬದುಕುತ್ತಾನೆ ಅನ್ನುವುದಷ್ಟೇ ಪ್ರಶ್ನೆಯಾಗಿ ಉಳಿಯುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಯಾಕೆ ಹೀಗಾಯ್ತು ಅಂತ ಅಮ್ಮ ಮೊದಲ ಆರು ತಿಂಗಳು ದೇವರನ್ನೂ ಜಾತಕವನ್ನೂ ಕೇಳಿದಳು. ಆಮೇಲೆ ಕೇಳುವುದು ಬಿಟ್ಟಳು.

ರಾತ್ರಿ ಲ್ಯಾಪ್‌ಟಾಪ್ ಮುಚ್ಚುವಾಗ ನನಗೆ ಹೊಳೆದದ್ದು, ಈ ಮನೆಯಲ್ಲಿ ಫಿಲ್ ಅಪ್ಪ ಅಲ್ಲ, ನಾನು ಅಂತ. ಅಪ್ಪನಿಗೆ ಪ್ರತಿ ಸಂಜೆಯೂ ಮೊದಲನೆಯದೇ. ನಿನ್ನೆಯದನ್ನು ಹೊತ್ತುಕೊಂಡು ಏಳುವವನು ನಾನು.

ಫಿಲ್ ಮಾಡಿದ ತಪ್ಪುಗಳನ್ನೆಲ್ಲ ನಾನೂ ಸಾಲಾಗಿ ಮಾಡಿದೆ. ಮೊದಲಿಗೆ ನಿಜ ಹೇಳಿ ಒಪ್ಪಿಸಲು ನೋಡಿದೆ. "ಅಪ್ಪಾ, ನಿಮಗೆ ಮದುವೆ ಆಗಿದೆ. ನಾನು ನಿಮ್ಮ ಮಗ. ಇದು 2020." ಮದುವೆಯ ಕಪ್ಪುಬಿಳುಪು ಫೋಟೋ ತಂದು ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, "ಹುಡುಗ ನನ್ನ ಹಾಗೇ ಇದ್ದಾನೆ. ಹುಡುಗಿ ಲಕ್ಷಣವಾಗಿದಾಳೆ. ಯಾರ ಮನೆಯವರು?" ಅಂದರು. ಆಮೇಲೆ ಗಡಿಯಾರ ನೋಡಿ ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.

ಆಮೇಲೆ ಚಾಲಾಕಿತನ. ಸಿನಿಮಾದಲ್ಲಿ ಫಿಲ್ ರೀಟಾಳನ್ನು ಒಲಿಸಿಕೊಳ್ಳಲು ಇದನ್ನೇ ಮಾಡುತ್ತಾನೆ. ಅವಳಿಗೆ ಯಾವ ಪಾನೀಯ ಇಷ್ಟ ಅಂತ ಒಂದು ದಿನ ತಿಳಿದುಕೊಂಡು, ಮರುದಿನ ತನಗೂ ಅದೇ ಇಷ್ಟ ಅನ್ನುತ್ತಾನೆ. ಕಾಲೇಜಿನಲ್ಲಿ ಫ್ರೆಂಚ್ ಕಾವ್ಯ ಓದಿದೆ ಅಂತ ಅವಳು ಹೇಳಿದರೆ ಒಂದು ದಿನ ನಗುತ್ತಾನೆ, ಮರುದಿನ ಫ್ರೆಂಚಿನಲ್ಲೇ ಕವಿತೆ ಹೇಳುತ್ತಾನೆ. ನಾನೂ ದಿನಕ್ಕೊಂದು ಮಾತು ಪ್ರಯೋಗಿಸಿ, ಕೆಲಸ ಮಾಡಿದ್ದನ್ನು ಉಳಿಸಿಕೊಳ್ಳುತ್ತಾ ಬಂದೆ. "ಬಸ್ಸು ಲೇಟಂತೆ" ಅಂದರೆ ಹತ್ತು ನಿಮಿಷ ಕೂರುತ್ತಿದ್ದರು. "ಹೆಣ್ಣಿನ ಕಡೆಯವರಿಗೆ ಮೈಲಿಗೆಯಂತೆ, ಮುಂದಿನ ವಾರ ಬನ್ನಿ ಅಂದ್ರು" ಅಂದರೆ ಒಂದು ಗಂಟೆ. "ಈ ಮಾತ್ರೆ ತಗೊಂಡ್ರೆ ಆಗುಂಬೆ ಕಡೆ ತಿರುವಿನಲ್ಲೂ ವಾಂತಿ ಬರಲ್ಲ" ಅಂದರೆ ಮರುಮಾತಿಲ್ಲದೆ ನುಂಗುತ್ತಿದ್ದರು. ಎಷ್ಟು ಚೆನ್ನಾಗಿ ಸಂಭಾಳಿಸುತ್ತಿದ್ದೇನೆ ಅಂತ ಹೆಂಡತಿಗೆ ಫೋನ್ ಮಾಡಿ ಹೇಳಿಕೊಳ್ಳುತ್ತಿದ್ದೆ.

ಸಿನಿಮಾದಲ್ಲಿ ರೀಟಾ ಪ್ರತಿ ಸಲವೂ ಕೊನೆಗೆ ಅವನ ಕೆನ್ನೆಗೆ ಬಾರಿಸುತ್ತಾಳೆ. ಅವಳಿಗೆ ನಿನ್ನೆಯದು ನೆನಪಿಲ್ಲ, ಆದರೂ ಇವನು ಆಟ ಆಡಿಸುತ್ತಿದ್ದಾನೆ ಅಂತ ಹೇಗೋ ವಾಸನೆ ಹತ್ತುತ್ತದೆ. ಅಪ್ಪನಿಗೂ ಹತ್ತಿತು. ಒಂದು ಸಂಜೆ ಬಾಯಿಯೊಳಗಿನ ಮಾತ್ರೆಯನ್ನು ಅಂಗೈಗೆ ಉಗುಳಿ, ನನ್ನ ಮುಖ ನೋಡಿ, "ನೀನು ಯಾರೋ ಗೊತ್ತಿಲ್ಲಪ್ಪ. ಆದರೆ ನೀನು ನಿಜ ಹೇಳ್ತಾ ಇಲ್ಲ" ಅಂದರು. ಮೂವತ್ತೈದು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವರು. ಕಾಪಿ ಹೊಡೆಯುವ ಹುಡುಗರ ಮುಖ ಮರೆಯಲು ಆ ಕಾಯಿಲೆಗೆ ಇನ್ನೂ ಸಮಯ ಬೇಕಿತ್ತು.

ಮೂರನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ಆಗಸ್ಟಿನ ಒಂದು ದಿನ, ಹೊರಗೆ ಜೋರು ಮಳೆ. ಆಫೀಸಿನ ಕಾಲ್ ನಡೆಯುತ್ತಿತ್ತು. ಅಪ್ಪ ಕೊಡೆಯನ್ನು ಬಾಗಿಲಿಗೆ ಕುಟ್ಟುತ್ತಾ ಬಸ್ಸು, ಬಸ್ಸು ಅನ್ನುತ್ತಿದ್ದರು. ನಾನು ಎದ್ದು ಹೋಗಿ, "ಆ ಹೆಣ್ಣೇ ಇಲ್ಲ! ಸತ್ತುಹೋದಳು! ಹೋಗಿ ಒಳಗೆ ಕೂತ್ಕೊಳ್ಳಿ!" ಅಂತ ಕಿರುಚಿದೆ. ಗೇಟಿಗೆ ಬೀಗ ಹಾಕಿದೆ. ಅಪ್ಪ ಮಳೆಯಲ್ಲೇ ಗೇಟಿನ ಸರಳು ಹಿಡಿದು ನಿಂತು ಅತ್ತರು. ಶಬ್ದ ಮಾಡದೆ, ಭುಜ ಮಾತ್ರ ಕುಣಿಯುವ ಹಾಗೆ. ಅಮ್ಮ ಬಂದು ಸೆರಗಿನಿಂದ ಅವರ ತಲೆ ಒರೆಸಿ ಒಳಗೆ ಕರೆದುಕೊಂಡು ಹೋದಳು. ನನ್ನನ್ನು ಏನೂ ಅನ್ನಲಿಲ್ಲ.

ಮರುದಿನ ಅಪ್ಪನಿಗೆ ಅದು ನೆನಪಿರಲಿಲ್ಲ. ಎಣ್ಣೆ ಹಚ್ಚಿ, ಅಂಗಿ ಹಾಕಿ, ನನ್ನನ್ನು ನೋಡಿ ನಕ್ಕರು. ನಾನು ಕ್ಷಮೆ ಕೇಳಬೇಕಾದ ಮನುಷ್ಯ ರಾತ್ರಿಯೇ ಹೊರಟುಹೋಗಿದ್ದರು. ಎದುರಿಗಿದ್ದವರಿಗೆ ನಾನು ಯಾವ ತಪ್ಪೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಬೆಳಿಗ್ಗೆ ಅಳಿಸಿಹೋಗುವುದು ಎಂಥ ಸುಖ ಅಂತ ಫಿಲ್‌ಗೂ ಮೊದಮೊದಲು ಅನ್ನಿಸುತ್ತದೆ. ರೈಲು ಹಳಿಯ ಮೇಲೆ ಕಾರು ಓಡಿಸುತ್ತಾನೆ, ಹಣ ಕದಿಯುತ್ತಾನೆ, ಸಿಕ್ಕಿದ್ದೆಲ್ಲ ತಿನ್ನುತ್ತಾನೆ. ಆದರೆ ಅವನ ತಲೆಯಲ್ಲಿ ಯಾವುದೂ ಅಳಿಸುವುದಿಲ್ಲ. ಕೊನೆಗೆ ಸಾಯಲು ನೋಡುತ್ತಾನೆ, ಹಲವು ಬಗೆಯಲ್ಲಿ ಸಾಯುತ್ತಾನೆ. ಆದರೂ ಆರು ಗಂಟೆಗೆ ರೇಡಿಯೋ ಹಾಡುತ್ತದೆ. ಇದನ್ನೂ ನಗಿಸುತ್ತಲೇ ತೋರಿಸುತ್ತಾರೆ.

ಈ ಚಿತ್ರ ಮಾಡಿದವರ ಬದುಕಿನಲ್ಲೇ ಇದರ ಒಂದು ಕಹಿ ಪ್ರತಿಬಿಂಬ ಇದೆ. ರಾಮಿಸ್ ಮತ್ತು ಮರ್ರೆ ಹಳೆಯ ಸ್ನೇಹಿತರು, ಜೊತೆಯಲ್ಲಿ ಹಲವು ಚಿತ್ರ ಮಾಡಿದವರು. ಈ ಚಿತ್ರೀಕರಣದ ಹೊತ್ತಿಗೆ ಇಬ್ಬರಿಗೂ ಮನಸ್ತಾಪವಾಯಿತು. ಸುಮಾರು ಎರಡು ದಶಕ ಮಾತೇ ಇರಲಿಲ್ಲ. ರಾಮಿಸ್ ಕಾಯಿಲೆ ಬಿದ್ದು ಕೊನೆಯ ದಿನಗಳಲ್ಲಿದ್ದಾಗ ಮರ್ರೆ ಹೋಗಿ ನೋಡಿದರು. ರಾಮಿಸ್ 2014ರ ಫೆಬ್ರವರಿಯಲ್ಲಿ ತೀರಿಕೊಂಡರು. ತಪ್ಪನ್ನು ಮರುದಿನ ಸರಿಮಾಡಿಕೊಳ್ಳಬಹುದು ಅಂತ ಜಗತ್ತಿಗೆಲ್ಲ ತೋರಿಸಿದವರಿಗೇ ಆ ಮರುದಿನ ಬರಲು ಅಷ್ಟು ವರ್ಷ ಬೇಕಾಯಿತು.

ನಮ್ಮ ಮನೆಯಲ್ಲಿ ದಾರಿ ಕಂಡವಳು ಅಮ್ಮ. ಅವಳು ಯಾವ ಸಿನಿಮಾವನ್ನೂ ನೋಡಿರಲಿಲ್ಲ.

ಆ ಮಳೆಯ ದಿನ ಕಳೆದು ಒಂದು ವಾರವಾಗಿರಬೇಕು. ಅಪ್ಪ ಜಗಲಿಗೆ ಬಂದು ನಿಂತರು. ಅಮ್ಮ ಎರಡು ಲೋಟ ಕಾಫಿ ತಂದಳು. ಒಂದನ್ನು ಅವರ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಎದುರಿನ ಕುರ್ಚಿಯಲ್ಲಿ ಕೂತಳು. ಅಪ್ಪನ ಎದುರು ಅವಳು ಹಾಗೆ ಕುರ್ಚಿಯಲ್ಲಿ ಕೂತು ಕಾಫಿ ಕುಡಿದದ್ದನ್ನು ನಾನು ಅದಕ್ಕೂ ಮುಂಚೆ ನೋಡಿದ ನೆನಪಿಲ್ಲ.

ಅಪ್ಪ ಲೋಟ ಹಿಡಿದು ಸಂಕೋಚದಿಂದ, "ತಾವು... ಹೆಣ್ಣಿನ ಕಡೆಯವರಾ?" ಅಂದರು.

"ಹೌದು" ಅಂದಳು ಅಮ್ಮ.

"ತಾವೇ ಇಲ್ಲಿಗೆ ಬರೋ ತೊಂದರೆ ಯಾಕೆ ತಗೊಂಡ್ರಿ. ನಾನೇ ಬರ್ತಿದ್ದೆ."

"ಪರವಾಗಿಲ್ಲ. ಹುಡುಗ ಹೇಗಿದಾನೆ ಅಂತ ನೋಡೋಣ ಅಂತ ಬಂದೆ."

ಅಪ್ಪ ಅಂಗಿಯ ಕಾಲರು ಸರಿಮಾಡಿಕೊಂಡರು. "ಹುಡುಗಿ ಹೇಗೆ?" ಅಂದರು.

"ಬಾಯಿ ಸ್ವಲ್ಪ ಜಾಸ್ತಿ."

"ನಡೆಯುತ್ತೆ. ನನ್ನದು ಕಡಿಮೆ."

ನಾನು ಒಳಬಾಗಿಲಲ್ಲಿ ನಿಂತಿದ್ದೆ. ನಗು ತಡೆಯಲು ಬಾಯಿಗೆ ಕೈ ಇಟ್ಟುಕೊಂಡೆ. ಐವತ್ತು ವರ್ಷ "ಏ, ಕಾಫಿ ತಾರೇ", "ಏ, ನನ್ನ ಕನ್ನಡಕ ಎಲ್ಲಿಟ್ಟಿದೀಯೇ" ಅಂದ ಬಾಯಿಂದ ಈಗ "ತಾವು" ಬರುತ್ತಿತ್ತು. ಆಮೇಲೆ ಅಡುಗೆಮನೆಯಲ್ಲಿ ಅಮ್ಮನೂ ಅದನ್ನೇ ಹೇಳಿ ನಕ್ಕಳು. "ನೋಡಿದ್ಯೇನೋ, ಈ ಜನ್ಮದಲ್ಲಿ ನನಗೂ ಬಹುವಚನ ಸಿಕ್ತು."

ಅಂದಿನಿಂದ ಅದೇ ಕ್ರಮವಾಯಿತು. ನಾಲ್ಕು ಗಂಟೆಗೆ ಅಮ್ಮ ಸೆರಗು ಸರಿಮಾಡಿಕೊಂಡು ಕಾಫಿ ತಗೊಂಡು ಜಗಲಿಗೆ ಹೋಗುತ್ತಿದ್ದಳು. ಅಪ್ಪ ಊರಿನ ಸುದ್ದಿ, ಸ್ಕೂಲಿನ ಸುದ್ದಿ ಹೇಳುತ್ತಿದ್ದರು. ಸಂಬಳ ಎಷ್ಟು ಅಂತ ಅವಳು ಕೇಳಿದರೆ 1969ರ ಸಂಬಳ ಹೇಳುತ್ತಿದ್ದರು. "ಅಷ್ಟರಲ್ಲಿ ಸಂಸಾರ ನಡೆಯುತ್ತಾ?" ಅಂದರೆ, "ಹುಡುಗಿ ಜಾಣೆಯಾದ್ರೆ ನಡೆಯುತ್ತೆ" ಅನ್ನುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಕಳವಳ ಇಳಿದಿರುತ್ತಿತ್ತು. ಬಸ್ಸಿನ ಮಾತೇ ಬರುತ್ತಿರಲಿಲ್ಲ. ನನ್ನದು ಉಪಾಯ, ಅವಳದು ಮಾತುಕತೆ. ಎರಡರಲ್ಲೂ ಸುಳ್ಳಿತ್ತು. ಆದರೆ ನಾನು ಹೇಳುತ್ತಿದ್ದದ್ದು ಅವರನ್ನು ಸುಮ್ಮನಾಗಿಸಲು, ಅವಳು ಕೂರುತ್ತಿದ್ದದ್ದು ಅವರ ಜೊತೆ ಇರಲು.

ಒಂದು ದಿನ ಅಮ್ಮ ಹೊಸ ಪ್ರಶ್ನೆ ಕೇಳಿದಳು.

"ಹುಡುಗಿಗೆ ಓದೋ ಆಸೆ ಇದೆ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ಟೀಚರ್ ಟ್ರೈನಿಂಗ್ ಮಾಡಬೇಕು ಅಂತಾಳೆ. ಮದುವೆ ಆದಮೇಲೆ ಓದಿಸ್ತೀರಾ?"

ಅಪ್ಪ ಯೋಚಿಸಲೇ ಇಲ್ಲ. "ಓದಿಸ್ತೀನಿ. ನಾನೇ ಮೇಷ್ಟ್ರು, ಬೇಡ ಅಂತೀನಾ?"

ಅಮ್ಮ ಲೋಟ ಕೆಳಗಿಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಮ್ಮನಿಗೆ ಹಾಗೊಂದು ಆಸೆ ಇತ್ತು ಅನ್ನುವುದು ಅವಳ ಮಗನಾದ ನನಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಆಮೇಲೆ ಅವಳು ಅದನ್ನು ದಿನವೂ ಕೇಳುತ್ತಿದ್ದಳು. ಹೆಚ್ಚಿನ ದಿನ ಅಪ್ಪ ಒಪ್ಪುತ್ತಿದ್ದರು. ಒಮ್ಮೊಮ್ಮೆ "ನಮ್ಮಮ್ಮನ್ನ ಒಂದು ಮಾತು ಕೇಳಬೇಕು" ಅನ್ನುತ್ತಿದ್ದರು. ಆ ದಿನಗಳಲ್ಲಿ ಅಮ್ಮ ರಾತ್ರಿ ಅಡುಗೆಗೆ ಪಾತ್ರೆ ಜೋರಾಗಿ ಕುಕ್ಕುತ್ತಿದ್ದಳು. ನಾನೊಮ್ಮೆ ಕೇಳಿದೆ, "ಆಗ ನೀನು ಕೇಳಿದ್ಯಾ? ಅಪ್ಪ ಏನಂದಿದ್ರು?"

"ಕೇಳ್ಲಿಲ್ಲ" ಅಂದಳು. "ಹೆಣ್ಣು ನೋಡೋಕೆ ಬಂದಾಗ ಹೆಣ್ಣು ಪ್ರಶ್ನೆ ಕೇಳೋದುಂಟಾ? ಮದುವೆ ಆದಮೇಲೆ ಅತ್ತೆ, ಮೈದುನಂದಿರು, ಆಮೇಲೆ ನೀವು. ಕೇಳಿದ್ರೆ ಓದಿಸ್ತಿದ್ರೋ ಏನೋ. ಇಷ್ಟು ಸಲೀಸಾಗಿ ಹೂಂ ಅಂತಾರೆ ಅಂತ ಗೊತ್ತಿದ್ರೆ ಅವತ್ತೇ ಕೇಳ್ತಿದ್ದೆ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಅಂತ ಕೊನೆಗೂ ಪತ್ತೆಯಾದವರ ದನಿ ಅದು.

ರೂಬಿನ್ ಮೊದಲು ಬರೆದ ಚಿತ್ರಕಥೆಯ ಕೊನೆ ಬೇರೆ ಇತ್ತಂತೆ ಅಂತ ಆ ದಿನಗಳಲ್ಲೇ ಎಲ್ಲೋ ಓದಿದೆ. ಅದರಲ್ಲಿ ಫಿಲ್ ತನ್ನ ದಿನದಿಂದ ಬಿಡುಗಡೆಯಾಗುತ್ತಾನೆ. ಆದರೆ ರೀಟಾ ಕೂಡ ತನ್ನದೇ ಒಂದು ದಿನದಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಅಂತ ಆಗ ತಿಳಿಯುತ್ತದೆ. ಓದಿದ್ದೇ ನಾನು ಅಡುಗೆಮನೆಯ ಕಡೆ ನೋಡಿದೆ. ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚಿ, ಹಾಲು, ತಿಂಡಿ, ಊಟ, ಪಾತ್ರೆ, ಮತ್ತೆ ಹಾಲು. ಐವತ್ತೊಂದು ವರ್ಷ ಅದೇ ದಿನ. ಅಪ್ಪನಿಗೆ ಮರೆವು ಬಂದ ಮೇಲೆ ನಾವೆಲ್ಲ ಒಂದೇ ದಿನದಲ್ಲಿ ಸಿಕ್ಕಿಬಿದ್ದಿದ್ದೇವೆ ಅಂತ ನಾನು ಗೋಳಾಡುತ್ತಿದ್ದೆ. ಅವಳು ಮೊದಲಿನಿಂದಲೂ ಅಲ್ಲೇ ಇದ್ದಳು. ಅದನ್ನು ಯಾರೂ ಅದ್ಭುತ ಅಂತಲೂ ಶಾಪ ಅಂತಲೂ ಕರೆದಿರಲಿಲ್ಲ.

ಫಿಲ್ ಎಷ್ಟು ವರ್ಷ ಆ ದಿನದಲ್ಲಿ ಇದ್ದ ಅಂತ ಸಿನಿಮಾ ಹೇಳುವುದಿಲ್ಲ. ರಾಮಿಸ್ ಒಮ್ಮೆ ಹತ್ತು ವರ್ಷ ಅಂದಿದ್ದರು, ಆಮೇಲೆ ಮೂವತ್ತು ನಲವತ್ತು ಆಗಬಹುದು ಅಂದರು. ಅಷ್ಟರಲ್ಲಿ ಅವನು ಪಿಯಾನೋ ಕಲಿಯುತ್ತಾನೆ, ಮಂಜುಗಡ್ಡೆ ಕೆತ್ತಲು ಕಲಿಯುತ್ತಾನೆ, ಮರದಿಂದ ಬೀಳುವ ಹುಡುಗನನ್ನು ದಿನವೂ ಓಡಿಹೋಗಿ ಹಿಡಿಯುತ್ತಾನೆ. ಒಬ್ಬ ಮುದುಕ ಭಿಕ್ಷುಕನನ್ನು ಮಾತ್ರ ಉಳಿಸಲಾಗುವುದಿಲ್ಲ. ಆಸ್ಪತ್ರೆಗೆ ಒಯ್ಯುತ್ತಾನೆ, ಬಿಸಿ ಸೂಪು ಕುಡಿಸುತ್ತಾನೆ, ಬಾಯಿಗೆ ಬಾಯಿಟ್ಟು ಉಸಿರು ಊದುತ್ತಾನೆ. ಏನೇ ಮಾಡಿದರೂ ಆ ಮುದುಕ ಆ ರಾತ್ರಿ ಸಾಯುತ್ತಾನೆ. ಇಡೀ ಸಿನಿಮಾದಲ್ಲಿ ಸ್ವಲ್ಪವೂ ಮಾಯೆಯಿಲ್ಲದ ಭಾಗ ಅದೊಂದೇ.

ಕೊನೆಗೆ ಊರಿನವರಿಗೆಲ್ಲ ಬೇಕಾದವನಾಗಿ, ಅಂದಿನ ಸಂಜೆಯ ಹರಾಜಿನಲ್ಲಿ ರೀಟಾ ತನ್ನ ಹತ್ತಿರ ಇದ್ದಷ್ಟೂ ದುಡ್ಡು, 339 ಡಾಲರ್ 88 ಸೆಂಟ್, ಕೊಟ್ಟು ಅವನನ್ನು ಗೆಲ್ಲುತ್ತಾಳೆ. ಬೆಳಿಗ್ಗೆ ಎದ್ದರೆ ಫೆಬ್ರವರಿ 3. ಸಿನಿಮಾದಲ್ಲಿ 'ನಾಳೆ' ಅನ್ನುವುದು ಬಹುಮಾನ. ಒಳ್ಳೆಯವನಾದದ್ದಕ್ಕೆ ಸಿಕ್ಕ ಸಂಬಳ.

ನಮಗೆ ಹಾಗಿರಲಿಲ್ಲ. ನಾವು ಎಷ್ಟು ಒಳ್ಳೆಯವರಾದರೂ ನಾಳೆ ಇವತ್ತಿಗಿಂತ ಒಂದು ಗುಲಗಂಜಿ ಕೆಟ್ಟದಾಗಿಯೇ ಬರುತ್ತಿತ್ತು. ಮೊದಲು ಕೊಡೆ ಮರೆತರು. ಆಮೇಲೆ ಎಣ್ಣೆ. 2021ರ ದೀಪಾವಳಿಯ ಹೊತ್ತಿಗೆ ಅಂಗಿಯ ಗುಂಡಿ ಹಾಕಲು ಬಾರದೆ ಅಮ್ಮ ಹಾಕುತ್ತಿದ್ದಳು. "ತಾವು ಯಾಕೆ" ಅನ್ನುತ್ತಿದ್ದರು. ಆಮೇಲೆ ಅದೂ ನಿಂತಿತು. ಒಂದು ಸಂಜೆ ನಾಲ್ಕಾಯಿತು, ನಾಲ್ಕೂವರೆಯಾಯಿತು, ಅಪ್ಪ ಹಾಸಿಗೆಯಲ್ಲೇ ಗೋಡೆ ನೋಡುತ್ತಾ ಮಲಗಿದ್ದರು. ಅಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತು, "ರೀ, ಬಸ್ಸಿಗೆ ಹೊತ್ತಾಯ್ತು" ಅಂದಳು. ಅಪ್ಪ ತಿರುಗಲಿಲ್ಲ.

ಆವತ್ತು ನನಗೆ ಬೇಕಾಗಿದ್ದದ್ದು ಫೆಬ್ರವರಿ 3 ಅಲ್ಲ. ಯಾವ ದಿನದಿಂದ ತಪ್ಪಿಸಿಕೊಳ್ಳಲು ಇಷ್ಟು ಒದ್ದಾಡಿದ್ದೆನೋ ಅದೇ ದಿನ, ಅದೇ ಎಣ್ಣೆ, ಅದೇ ಕೊಡೆ ಇನ್ನೊಂದು ಸಲ ಬಂದಿದ್ದರೆ ಸಾಕಿತ್ತು.

ಅಪ್ಪ 2022ರ ಏಪ್ರಿಲ್‌ನಲ್ಲಿ ಹೋದರು. ವರ್ಷಾಂತಿಕ ಮುಗಿದ ಮೇಲೆ ಅಮ್ಮ ಬೆಂಗಳೂರಿಗೆ ನಮ್ಮ ಮನೆಗೆ ಬಂದಳು. ಒಂದು ಭಾನುವಾರ ಅವಳಿಗೆ ಆ ಸಿನಿಮಾ ತೋರಿಸಿದೆ. ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸಾಯುವ ಭಾಗ ಬಂದಾಗ "ಇದೆಂಥ ಅನಿಷ್ಟ, ಮುಂದಕ್ಕೆ ಓಡಿಸು" ಅಂದಳು. ಮುದುಕನ ಭಾಗ ಬಂದಾಗ ಏನೂ ಅನ್ನಲಿಲ್ಲ.

ಮುಗಿದ ಮೇಲೆ ಕೇಳಿದೆ, "ಹೇಗಿತ್ತು?"

"ಚೆನ್ನಾಗಿದೆ. ಆದರೆ ಪಾಪ ಕಣೋ, ಅವನು. ಅವಳಿಗೆ ಇವನದ್ದು ಒಂದೇ ದಿನದ ಪರಿಚಯ. ಇವನಿಗೆ ಎಷ್ಟೋ ವರ್ಷ ಸಂಸಾರ ಮಾಡಿದ ಹಾಗೆ. ಅದನ್ನೆಲ್ಲ ಇನ್ನು ಯಾರ ಹತ್ರ ಹೇಳ್ಕೋತಾನೆ?"

ನನಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಈ ಚಿತ್ರವನ್ನು ಐದಾರು ಸಲ ನೋಡಿದ್ದೇನೆ, ಅದು ನನ್ನ ತಲೆಗೆ ಬಂದೇ ಇರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಆ ಮರದಿಂದ ಬೀಳೋ ಹುಡುಗ ಇದಾನಲ್ಲ" ಅಂದಳು. "ದಿನಾ ಹಿಡೀತಾನೆ, ಒಂದು ದಿನವಾದ್ರೂ ಥ್ಯಾಂಕ್ಸ್ ಹೇಳ್ದೆ ಓಡಿಹೋಗ್ತಾನೆ. ಇವನು ಹಿಂದಿನಿಂದ ಬೈತಾನೆ. ಆದ್ರೂ ಮಾರನೇ ದಿನ ಹೋಗಿ ನಿಂತ್ಕೋತಾನೆ ನೋಡು."

ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು. ಸೆರಗನ್ನು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅದನ್ನ ಇನ್ನೊಂದ್ಸಲ ಹಾಕು" ಅಂದಳು.